ಎತ್ತಿದ ಕೈ

ಸೋಲಾಪುರ ರಸ್ತೆಯ ಶೆಡ್ಡಿನ ಮ್ಯಾಲ ಬೋರ್ಡಿತ್ತು:
‘ನಾಯಿ ಪಳಗಿಸೂದರಾಗ ಎತ್ತಿದ ಕೈ. ಹದಿನೈದು ದಿನ. ಗ್ಯಾರಂಟಿ.’
ಸ್ಕೂಟರಿನಾಗ ನನ್ನ ಕಾಲ ನಡುವ ಚೀಲ, ಚೀಲದಾಗ ಮರಿ,
ಒಂಬತ್ತು ವಾರದ್ದು, ಹೆಸರು ಚುರಮುರಿ.
ದಾರಿ ತುಂಬ ನನ್ನ ಚಪ್ಪಲಿ ಬಾರು ಕಡಕೋತ ಬಂದಿತ್ತು.

ಒಳಗ ಆರು ನಾಯಿ ಸಾಲಾಗಿ ಕುಂತಿದ್ದುವು.
ಖರೇ ಹೇಳತೀನಿ, ನನಗ ಖುಷಿ ಆತು.
ಮೂವತ್ತೊಂದು ವರ್ಷ ಗಣಿತ ಕಲಿಸಿದಾವ ನಾನು;
ಅಂಥಾ ಮೌನ ನನ್ನ ಏಳನೇತ್ತಾಗೂ ಇರತಿತ್ತು.
"ಮರಿ ಬಿಟ್ಟು ಹೋಗ್ರಿ," ಅಂದ ಆತ,
"ನೀವು ನೋಡಕೋತ ನಿಂತರ ಅದಕ್ಕ ಸಲಿಗಿ ಹತ್ತತೈತಿ."
ಮೊಳಿಗೆ ಸರಪಳಿ ಜೋತಿತ್ತು, ಒಳಬದಿಗೆ ಹಲ್ಲು.
"ತಪ್ಪು ಮಾಡಿದರ?"
"ಒಂದು ಜಗ್ಗು. ಎರಡನೇದು ಬೇಕಾಗೂದಿಲ್ಲ."
ಆರು ನಾಯಿ. ಆರು ಬಾಲ.
ಒಂದರ ಅಲ್ಲಾಡಬೇಕಲ್ಲ?
ಚೀಲದಿಂದ ನನ್ನ ಪಾದದ ಮ್ಯಾಲ
ಬೆಚ್ಚಗ ಇಳೀತು ಚುರಮುರಿಯ ಅಭಿಪ್ರಾಯ.
ಸ್ಕೂಟರ್ ತಿರುವಿದೆ.

ದನದ ದವಾಖಾನಿ ಕಂಪೌಂಡರ್ ಚೀಟಿ ಕೊಟ್ಟ:
"ಶಮಶಾದ. ಟಾಂಗಾ ಲಾಡ್ಲೇಸಾಬನ ಮಗಳು.
ಆಕೀ ಅಪ್ಪ ಚಾಬೂಕಿನ ತುದಿಗೆ ರೇಶಿಮಿ ಗೊಂಡೆ ಕಟ್ಟಿದ್ದ,
ಕುದರಿ ಮ್ಯಾಲಿನ ನೊಣ ಓಡಸಾಕಷ್ಟ."

ಆಕಿ ಬಂದಳು. ಗೇಟಿನಾಗ ಒಂದು ಗಳಿಗಿ ನಿಂತು
"ನಮಸ್ಕಾರ್ರಿ ಸರ" ಅಂದಳು.
ನನಗ ಗುರುತು ಹತ್ತಲಿಲ್ಲ.

ಅಂಗಳದಾಗ ನೆಲಕ್ಕ ಕುಂತಳು, ಮರಿಗೆ ಬೆನ್ನು ಕೊಟ್ಟು.
ಏನೂ ಮಾಡಲಿಲ್ಲ.
ಬೇವಿನ ನೆರಳು ಒಂದು ಫರಸಿ ಸರೀತು,
ನಾ ಮನಸಿನಾಗ ಫೀಜಿನ ಲೆಕ್ಕ ಹಾಕತಿದ್ದೆ.
ಚುರಮುರಿ ಬಂದು ದುಪಟ್ಟಾದ ಅಂಚು ಮೂಸಿತು.
ನಾಲಿಗಿಯಿಂದ ‘ಟಕ್’, ಅಪ್ಪ ಕುದರಿಗೆ ಮಾಡತಿದ್ದ ಸಪ್ಪಳ,
ಹಿಂದನ ಒಂದು ಚೂರು ಕುದಿಸಿದ ತತ್ತಿ.
ನಮ್ಮ ಮನಿಯಾಗ ತತ್ತಿ ಬರೂದಿಲ್ಲ, ಡಬ್ಬಿಯಾಗ ತಂದಿದ್ದಳು.
ನಮ್ಮಾಕಿ ಕಿಡಕಿ ಮುಚ್ಚಿದಳು,
ಆಮ್ಯಾಲ ಅರ್ಧ ತಗದಳು.
ಮರಿಯ ಕುಂಡಿ ನೆಲಕ್ಕ ತಾಗಿತು. ಟಕ್. ತತ್ತಿ.
‘ಕೂಡು’ ಅನ್ನೂ ಮಾತು ಇನ್ನೂ ಹುಟ್ಟಿರಲಿಲ್ಲ.
"ಮೊದಲ ಕೆಲಸ ಬರಲಿ ಸರ. ಅದರ ಹೆಸರು ಆಮ್ಯಾಲ."

"ಕಡದರ?"
"ಹಗ್ಗದ ತುಂಡು ಕೊಡ್ರಿ. ಹಲ್ಲು ಬರೂ ವಯಸ್ಸು."
"ಒಳಗ ಉಚ್ಚಿ ಹೊಯ್ದರ?"
"ಒರಸ್ರಿ."
"ಅಷ್ಟನ?"
"ಉಂಡ ಕೂಡಲೇ ಹೊರಗ ಒಯ್ಯೂದು ನೀವು ಮರತಿರತೀರಿ."
"ಶಿಕ್ಷಾ ಇಲ್ಲದ ಶಿಸ್ತು ಹ್ಯಾಂಗ ಬರತೈತವಾ?"
ಅಂದು, ಹಣಿ ಬೆವರು ಒರಸಾಕ ಕೈ ಎತ್ತಿದೆ.

ಮರಿ ಚಪ್ಪಟಿ ಆತು, ಕಿವಿ ಹಿಂದಕ್ಕ.
ಅದರ ಕೂಡ, ಕೂದಲೆಳಿಯಷ್ಟ,
ಆಕಿಯ ಹೆಗಲು.

ಬೇವಿನಾಗ ಗಿಳಿ ಒದರತಿದ್ದುವು.
ಇಬ್ಬರೂ ಆ ಕೈ ನೋಡಿದಿವಿ.
ಇಳಿಸೂದು ಮರತು ಅದು ಅಲ್ಲೇ ನಿಂತಿತ್ತು.
"ಯಾವ ಬ್ಯಾಚು?" ಅಂದೆ.
"ಎರಡು ಸಾವಿರದ ಒಂಬತ್ತು, ಸರ. ಭಿನ್ನರಾಶಿ."
ಅಷ್ಟ ಅಂದು ಡಬ್ಬಿ ನನ್ನ ಕಡೆ ದೂಡಿದಳು.
"ಈಗ ನೀವು. ಕೆಳಗ ಕೂಡ್ರಿ.
ಕೈ ತಲಿ ಮ್ಯಾಲಿಂದ ಬ್ಯಾಡ, ಕೆಳಗಿಂದ ಬರಲಿ, ಅಂಗೈ ತೆರದು."

ಅರವತ್ತೆರಡು ವರ್ಷ ತತ್ತಿ ಮುಟ್ಟದ ಬೆರಳು
ಹಳದಿ ಚೂರು ಹಿಡದು ನಡುಗಿದುವು.
ಮರಿ ಬರಲಿಲ್ಲ.
"ಎಷ್ಟೊತ್ತು ಕಾಯಬೇಕು?"
"ಅದು ಹೇಳತೈತಿ."

ಒಮ್ಮೆ ಹುಡುಗೂರನ್ನ ಗೋಳಗುಮ್ಮಟಕ್ಕ ಕರಕೊಂಡು ಹೋಗಿದ್ದೆ.
ಮ್ಯಾಲಿನ ಗ್ಯಾಲರಿಯಾಗ ಗದ್ದಲ ತಾಳಲಾರದ
"ಸುಮ್ಮನಿರ್ರಿ!" ಅಂತ ಒದರಿದೆ.
ಅವರು ಆ ಕ್ಷಣಕ್ಕ ಸುಮ್ಮನಾದರು.
ಗ್ವಾಡಿ ಮಾತ್ರ ಏಳು ಸಲ
ನನಗ ಹೇಳಿತು, ಸುಮ್ಮನಿರ್ರಿ, ಸುಮ್ಮನಿರ್ರಿ.
ಆ ಸಾಲಿನಾಗ ಈಕೀನೂ ಇದ್ದಳೇನೋ.
ಕೇಳಬೇಕಂದೆ. ಕೇಳಲಿಲ್ಲ.

ಮೊಳಕಾಲು ಹಿಡಕೊಂಡುವು.
ಚುರಮುರಿ ಒಂದು ಹೆಜ್ಜಿ ಇಟ್ಟಿತು, ಮತ್ತೊಂದು,
ಅಂಗೈ ದಾಟಿ ಹೋಗಿ
ನನ್ನ ಚಪ್ಪಲಿ ಬಾರು ಕಚ್ಚಿತು.
ನಾ ಆಕಿ ಮಾರಿ ನೋಡಿದೆ.
"ಟಕ್ ಅನ್ರಿ ಸರ," ಅಂದಳು ಶಮಶಾದ,
"ಅದೂ ಬಂದಂಗನ."